ದೂರದ ಗುರಿಗೆ ಯಾವ ಗುಂಡು?

ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಪೂಜೆ ಸಲ್ಲಿಸಿ, ಬಳಿಕ ಮರದ ಮೇಲೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯನ್ನು ವಾಚಕರು ಕೇಳಿರಬಹುದು. ಅಲ್ಲಿ ಗುರಿ ಹತ್ತಿರದ್ದು. ಕಣ್ಣೂ ಕೈಯೂ ಸ್ಥಿರವಾಗಿದ್ದರೆ ಕಾಯಿ ಒಡೆಯುತ್ತದೆ. ಅದೇ ಕಾಯಿಯನ್ನು 900 ಮೀಟರ್ ದೂರದಲ್ಲಿರಿಸಿದರೆ ಸ್ಥಿರವಾದ ಕೈಯೊಂದೇ ಸಾಲದು. ಎಂತಹ ರೈಫಲ್, ಎಷ್ಟು ಕ್ಯಾಲಿಬರ್ ಎಂಬ ಪ್ರಶ್ನೆ ಆಗ ಏಳುತ್ತದೆ.

ಕ್ಯಾಲಿಬರ್ ಎಂದರೆ ನಳಿಗೆಯ ಒಳವ್ಯಾಸ. ಗುಂಡು ದಪ್ಪವಾದಷ್ಟೂ ಗುರಿ ಚೆನ್ನಾಗಿ ತಾಗುವುದೆಂಬ ನಂಬಿಕೆ ಸಾಮಾನ್ಯವಾದುದು. ಇದು ನಿಜವೇ ಎಂಬುದನ್ನು ವಿಚಾರಮಾಡೋಣ.

ಗುಂಡಿಗೆ ಎರಡು ಅಡ್ಡಿಗಳುಂಟು. ಮೊದಲನೆಯದು ಗುರುತ್ವಾಕರ್ಷಣೆ. 900 ಮೀಟರ್ ಸಾಗುವಷ್ಟರಲ್ಲಿ ಗುಂಡು ಸುಮಾರು ಹತ್ತು ಮೀಟರಿನಷ್ಟು ಕೆಳಗಿಳಿಯುತ್ತದೆ. ಆದರೆ ಈ ಇಳಿತ ಹೆಚ್ಚುಕಡಿಮೆ ಪ್ರತಿಸಲವೂ ಒಂದೇ. ಲೆಕ್ಕಹಾಕಿ ನಳಿಗೆಯನ್ನು ಅಷ್ಟು ಮೇಲೆತ್ತಿದರಾಯಿತು. ಎರಡನೆಯದಾದ ಅಡ್ಡಗಾಳಿಯು ಕ್ಷಣಕ್ಷಣಕ್ಕೂ ಬದಲಾಗುವಂತಹುದು. ಸ್ಪರ್ಧೆಯ ಸೋಲುಗೆಲವು ಬಹುಮಟ್ಟಿಗೆ ಇದನ್ನೇ ಅವಲಂಬಿಸಿದೆ.

ಗಾಳಿಯ ತಡೆಯಿಲ್ಲದಿದ್ದರೆ ಗುಂಡು ತಲುಪುತ್ತಿದ್ದ ಕಾಲಕ್ಕೂ ಅದು ವಾಸ್ತವವಾಗಿ ತಲುಪುವ ಕಾಲಕ್ಕೂ ಇರುವ ಅಂತರವನ್ನು ‘ವಿಳಂಬ’ ಎಂದು ಕರೆಯೋಣ. ಅಡ್ಡಗಾಳಿಯ ವೇಗವನ್ನು ಈ ವಿಳಂಬದಿಂದ ಗುಣಿಸಿದರೆ ಗುಂಡು ಪಕ್ಕಕ್ಕೆ ಸರಿಯುವ ದೂರ ದೊರೆಯುತ್ತದೆ. ಸೆಕೆಂಡಿಗೆ 900 ಮೀಟರ್ ವೇಗದಿಂದ ಹೊರಟ, 10 ಗ್ರಾಂ ತೂಕದ 7.62 ಮಿ.ಮೀ. ಗುಂಡನ್ನು ತೆಗೆದುಕೊಳ್ಳಿ. ತಡೆಯಿಲ್ಲದಿದ್ದರೆ ಅದಕ್ಕೆ 1 ಸೆಕೆಂಡು ಸಾಕು; ವಾಸ್ತವವಾಗಿ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ವಿಳಂಬ ಅರ್ಧ ಸೆಕೆಂಡು. ಗಾಳಿ ಸೆಕೆಂಡಿಗೆ 4 ಮೀಟರ್ ಬೀಸುತ್ತಿದ್ದರೆ ಗುಂಡು 2 ಮೀಟರ್ ಸರಿದಿರುತ್ತದೆ!

ಈಗ 9 ಗ್ರಾಂ ತೂಕದ, ನೀಳವಾದ 6.5 ಮಿ.ಮೀ. ಗುಂಡನ್ನು ನೋಡಿ. ಅದು ಸೆಕೆಂಡಿಗೆ 830 ಮೀಟರ್ ವೇಗದಿಂದ, ಅಂದರೆ ನಿಧಾನವಾಗಿಯೇ, ಹೊರಡುತ್ತದೆ. ಆದರೂ ಗುರಿ ಮುಟ್ಟಲು ಅದಕ್ಕೂ ಹಿಡಿಯುವುದು ಸುಮಾರು ಒಂದೂವರೆ ಸೆಕೆಂಡೇ. ಅದು ಸರಿಯುವುದು ಸುಮಾರು 1.7 ಮೀಟರ್ ಮಾತ್ರ. ಕಾರಣ ಸ್ಪಷ್ಟ. ಅಡ್ಡಕೊಯ್ತದ ಪ್ರತಿ ಚದರ ಮಿಲಿಮೀಟರಿಗೆ ಇದರ ತೂಕ 0.26 ಗ್ರಾಂ, ದಪ್ಪ ಗುಂಡಿನದು 0.21 ಗ್ರಾಂ. ಆಕಾರವೂ ಚೂಪಾದುದು. ಆದುದರಿಂದ ಅದು ತನ್ನ ವೇಗವನ್ನು ಉಳಿಸಿಕೊಳ್ಳುತ್ತದೆ. ಭುಜಕ್ಕೆ ತಗಲುವ ಒದೆತವೂ ಕಡಿಮೆ. ಹಾಗೆಂದು ನಳಿಗೆಯನ್ನು ಸಣ್ಣದುಮಾಡಿ ಮದ್ದನ್ನು ಹೆಚ್ಚಿಸುತ್ತ ಹೋಗುವಂತಿಲ್ಲ. ಹಾಗೆ ಮಾಡಿದರೆ ನಳಿಗೆ ಬೇಗ ಸವೆಯುತ್ತದೆ.

ಗಾಳಿಯ ಸಾಂದ್ರತೆಯೂ ಗಣನೆಗೆ ಬರತಕ್ಕದ್ದು. ನಮ್ಮ ಚಿಕ್ಕಬಳ್ಳಾಪುರವು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಉಷ್ಣತೆ ಒಂದೇ ಆಗಿದ್ದರೆ ಇಲ್ಲಿಯ ಗಾಳಿ ಕಡಲತೀರದ್ದಕ್ಕಿಂತ ನೂರಕ್ಕೆ ಸುಮಾರು ಹತ್ತರಷ್ಟು ತೆಳು. ಗೌರಿಬಿದನೂರು ಇನ್ನೂರು ಮೀಟರ್ ತಗ್ಗಿನಲ್ಲಿರುವುದರಿಂದ ಅಲ್ಲಿ ಗಾಳಿ ಸ್ವಲ್ಪ ದಟ್ಟ. ಮಂಗಳೂರಿನಲ್ಲಿ ಸರಿಹೊಂದಿಸಿದ ರೈಫಲನ್ನು ಇಲ್ಲಿಗೆ ತಂದು ಹಾರಿಸಿದರೆ ದೂರದ ಗುಂಡು ಗುರಿಗಿಂತ ಮೇಲೆ ಬೀಳುವುದು ಇದೇ ಕಾರಣದಿಂದ.

ಇಷ್ಟಾದರೂ ಆಯ್ಕೆಯ ಮೊದಲ ಮಾತು ಭೌತವಿಜ್ಞಾನದ್ದಲ್ಲ, ನಿಯಮದ್ದು. ಅಂತರರಾಷ್ಟ್ರೀಯ ಸ್ಪರ್ಧೆಗಳಲ್ಲಿ 10 ಮೀಟರಿಗೆ 4.5 ಮಿ.ಮೀ. ಏರ್ ರೈಫಲ್, 50 ಮೀಟರಿಗೆ 5.6 ಮಿ.ಮೀ., 300 ಮೀಟರಿಗೆ 8 ಮಿ.ಮೀ. ಮೀರದ ನಳಿಗೆ ಎಂದು ಗೊತ್ತುಮಾಡಿದೆ. ಸಾವಿರ ಗಜದ ‘ಟಾರ್ಗೆಟ್ ರೈಫಲ್’ ವಿಭಾಗದಲ್ಲಿ 7.62 ಮತ್ತು 5.56 ಮಿ.ಮೀ.ಗಳಿಗೆ ಮಾತ್ರ ಎಡೆ, 6.5 ಎಷ್ಟೇ ಉತ್ತಮವಾದರೂ ಅಲ್ಲಿ ಸಲ್ಲದು. ನಮ್ಮ ದೇಶದಲ್ಲಿ 1959ರ ಶಸ್ತ್ರಾಸ್ತ್ರ ಕಾಯಿದೆಯಂತೆ ಪರವಾನಗಿಯೂ ಬೇಕು. ಸೈನ್ಯದ ಕೆಲವು ಕ್ಯಾಲಿಬರುಗಳು ಸಾಮಾನ್ಯ ನಾಗರಿಕರಿಗೆ ನಿಷಿದ್ಧ.

ಆದಕಾರಣ ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಈ ಕ್ರೀಡೆಗೆ ಮನಸ್ಸುಮಾಡಿದ ತರುಣರು ಮೊದಲೇ ದೊಡ್ಡ ರೈಫಲಿಗೆ ಹಣ ಸುರಿಯಬೇಕಾಗಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಅವರು ಕಂಚಿನ ಪದಕ ಗಳಿಸಿದ್ದು 50 ಮೀಟರಿನ 5.6 ಮಿ.ಮೀ. ರೈಫಲಿನಿಂದಲೇ. ಆ ದೂರದಲ್ಲಿಯೂ ಮೇಲೆ ಹೇಳಿದ ಗಾಳಿ ಗುಂಡನ್ನು ಸುಮಾರು 2 ಸೆಂಟಿಮೀಟರ್ ಸರಿಸುತ್ತದೆ. ಹತ್ತು ಅಂಕದ ವೃತ್ತದ ವ್ಯಾಸವಾದರೋ 10.4 ಮಿ.ಮೀ. ಮಾತ್ರ. ಗಾಳಿಯನ್ನು ಅಳೆಯುವ ಅಭ್ಯಾಸಕ್ಕೆ ಈ ಸಣ್ಣ ಗುಂಡೇ ಸಾಕು. ಅಲ್ಲಿ ಕೈಯೂ ಲೆಕ್ಕವೂ ಪಳಗಿದ ಮೇಲೆ, ಯಾವ ಸ್ಪರ್ಧೆ ಎಂಬುದನ್ನು ನಿಶ್ಚಯಿಸಿಕೊಂಡು ದೊಡ್ಡ ನಳಿಗೆಯ ಮಾತೆತ್ತಬಹುದು.