ಪರಧನದ ಪಾಲಕರು ಯಾರಿಗೆ ಹೊಣೆ?

ಒಬ್ಬರ ಹಣವನ್ನು ಮತ್ತೊಬ್ಬರು ನಿರ್ವಹಿಸುವಲ್ಲಿ ಧರ್ಮಸೂಕ್ಷ್ಮವೊಂದು ಅಡಗಿದೆ. ಗುಡಿಯ ಹುಂಡಿಯಾಗಲಿ, ಸಹಕಾರಿ ಸಂಘದ ಠೇವಣಿಯಾಗಲಿ, ಕೀಲಿಕೈ ಹಿಡಿದವನು ಒಡೆಯನಲ್ಲ. ಆದರೂ ಕಾಲ ಕಳೆದಂತೆ ಅವನನ್ನು ಒಡೆತನದ ಭ್ರಮೆ ಆವರಿಸುವುದುಂಟು. ಈ ಭ್ರಮೆಯನ್ನು ಕಾನೂನಿನ ಕಣ್ಣಿನಿಂದ ಪರಿಶೀಲಿಸಿದ ಅಮೆರಿಕದ ಪ್ರಾಧ್ಯಾಪಕ ಅಡಾಲ್ಫ್ ಬರ್ಲಿಯವರನ್ನು ಓದುಗರಿಗೆ ಪರಿಚಯಿಸಲು ಬಯಸುತ್ತೇವೆ.

1895ರಲ್ಲಿ ಬೋಸ್ಟನ್ ನಗರದಲ್ಲಿ ಕ್ರೈಸ್ತ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಬರ್ಲಿಯವರು 14ನೆಯ ವಯಸ್ಸಿನಲ್ಲಿಯೇ ಹಾರ್ವರ್ಡ್ ಪ್ರವೇಶಿಸಿ, 21ನೆಯ ವಯಸ್ಸಿಗೆ ಕಾನೂನು ಪದವಿ ಪಡೆದರು. 1919ರ ಪ್ಯಾರಿಸ್ ಶಾಂತಿ ಸಮ್ಮೇಳನಕ್ಕೆ ತೆರಳಿದ ಅಮೆರಿಕದ ನಿಯೋಗದಲ್ಲಿದ್ದು, ಒಪ್ಪಂದದ ಷರತ್ತುಗಳು ನ್ಯಾಯಸಮ್ಮತವಲ್ಲವೆಂದು ಪ್ರತಿಭಟಿಸಿ ರಾಜೀನಾಮೆ ನೀಡಿದರು. 1927ರಿಂದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಂಪನಿ ಕಾನೂನನ್ನು ಬೋಧಿಸಿದರು.

1932ರಲ್ಲಿ ಅರ್ಥಶಾಸ್ತ್ರಜ್ಞ ಗಾರ್ಡಿನರ್ ಮೀನ್ಸ್ ಅವರೊಡನೆ ರಚಿಸಿದ ಗ್ರಂಥ ಅವರಿಗೆ ಕೀರ್ತಿ ತಂದಿತು. ಬ್ಯಾಂಕುಗಳನ್ನು ಬಿಟ್ಟರೆ, ಆ ದೇಶದ ಕಂಪನಿ ಸಂಪತ್ತಿನ ಸುಮಾರು ಅರ್ಧಭಾಗ ಕೇವಲ 200 ಸಂಸ್ಥೆಗಳ ಹಿಡಿತದಲ್ಲಿದೆಯೆಂದು ಅವರು ಲೆಕ್ಕಹಾಕಿ ತೋರಿಸಿದರು. ದೊಡ್ಡದೊಂದು ದೂರವಾಣಿ ಕಂಪನಿಯಲ್ಲಿ ಅತಿ ಹೆಚ್ಚು ಷೇರುಳ್ಳವರ ಪಾಲೂ ಶೇಕಡಾ 1ನ್ನು ಮುಟ್ಟಿರಲಿಲ್ಲ. ಒಡೆಯರು ಲಕ್ಷಾಂತರ ಮಂದಿ; ಒಬ್ಬರಿಗೊಬ್ಬರು ಅಪರಿಚಿತರು. ಅಧಿಕಾರವೆಲ್ಲ ಆಡಳಿತಗಾರರದು; ಹಾಕಿದ ಬಂಡವಾಳ ಮಾತ್ರ ಪರರದು.

ಹಾಗಾದರೆ ಈ ಆಡಳಿತಗಾರರು ಯಾರಿಗೆ ಹೊಣೆ? ಅವರ ಅಧಿಕಾರವೆಲ್ಲ ಷೇರುದಾರರ ಪರವಾಗಿ ಇರಿಸಿಕೊಂಡ ನ್ಯಾಸವೆಂದು ಬರ್ಲಿಯವರು 1931ರಲ್ಲಿ ವಾದಿಸಿದರು. ಮರುವರ್ಷ ಹಾರ್ವರ್ಡ್‌ನ ಪ್ರಾಧ್ಯಾಪಕ ಮೆರಿಕ್ ಡಾಡ್ ಇದನ್ನು ಪ್ರಶ್ನಿಸಿ, ಕಂಪನಿಗೆ ಕಾರ್ಮಿಕರು, ಗ್ರಾಹಕರು ಮತ್ತು ಸಮಾಜದ ಬಗೆಗೂ ಕರ್ತವ್ಯವಿದೆಯೆಂದರು. ಸ್ಪಷ್ಟ ಕಟ್ಟುಪಾಡಿಲ್ಲದೆ ಷೇರುದಾರರ ಹೊಣೆಯನ್ನು ಸಡಿಲಿಸಿದರೆ ಆಡಳಿತಗಾರರು ಯಾರಿಗೂ ಉತ್ತರ ಹೇಳಬೇಕಾಗುವುದಿಲ್ಲ ಎಂಬುದು ಬರ್ಲಿಯವರ ಪ್ರತ್ಯುತ್ತರವಾಗಿತ್ತು.

ನಡುವೆ ಅವರು ಅಧ್ಯಕ್ಷ ರೂಸ್‌ವೆಲ್ಟ್ ಅವರ ಸಲಹೆಗಾರರಾಗಿಯೂ ಬ್ರೆಜಿಲ್‌ನಲ್ಲಿ ರಾಯಭಾರಿಯಾಗಿಯೂ ಸೇವೆ ಸಲ್ಲಿಸಿದರು. ಆದರೆ ನಮ್ಮ ಮನಸ್ಸನ್ನು ಸೆಳೆಯುವುದು ಆ ಪದವಿಗಳಲ್ಲ. 1954ರ ಗ್ರಂಥದಲ್ಲಿ ಅವರು, ಆ ಹಳೆಯ ವಾದವು ಸದ್ಯಕ್ಕಂತೂ ಡಾಡ್ ಅವರ ಪರವಾಗಿಯೇ ತೀರ್ಮಾನವಾಗಿದೆಯೆಂದು ಬಹಿರಂಗವಾಗಿ ಒಪ್ಪಿಕೊಂಡರು. ಅದನ್ನು ಕೇಳಲು ಡಾಡ್ ಇರಲಿಲ್ಲ. ಅವರು 1951ರಲ್ಲಿಯೇ ತೀರಿಕೊಂಡಿದ್ದರು. ಎದುರಾಳಿಯಿಲ್ಲದ ಕಣದಲ್ಲಿ ತಮ್ಮ ಗೆಲುವನ್ನು ಸಾರಿಕೊಳ್ಳುವವರು ಹಲವರು. ಸೋಲನ್ನು ಒಪ್ಪಿದವರು ವಿರಳ. ಬರ್ಲಿಯವರು 1971ರಲ್ಲಿ ನಿಧನರಾದರು.

ನಮ್ಮ ದೇಶದ 2013ರ ಕಂಪನಿ ಕಾಯಿದೆಯ 166ನೆಯ ಕಲಮು ಷೇರುದಾರರ ಜೊತೆಗೆ ನೌಕರರು, ಸಮುದಾಯ ಹಾಗೂ ಪರಿಸರದ ಹಿತವನ್ನೂ ನಿರ್ದೇಶಕರ ಕರ್ತವ್ಯವಾಗಿಸಿದೆ. ಇದು ಡಾಡ್ ಅವರ ಆಶಯಕ್ಕೆ ಸಮೀಪವಾದುದು. ಆದರೂ ಬರ್ಲಿಯವರ ಎಚ್ಚರಿಕೆ ಹಳತಾಗಿಲ್ಲ: ಎಲ್ಲರಿಗೂ ಹೊಣೆಯೆಂದವನು ಯಾರಿಗೂ ಲೆಕ್ಕ ಕೊಡದಿರಬಹುದು. ಆದುದರಿಂದ ಷೇರು ಹೊಂದಿದ ಗೃಹಸ್ಥರು ವಾರ್ಷಿಕ ವರದಿಯನ್ನು ಓದದೆ ಬದಿಗಿಡಬಾರದು. ಸರ್ವಸದಸ್ಯರ ಸಭೆಯಲ್ಲಿ ಪ್ರಶ್ನಿಸಲು ಸಂಕೋಚಪಡಬಾರದು. ಲೆಕ್ಕ ಕೇಳುವುದು ಅವಿಶ್ವಾಸವಲ್ಲ. ವಿಶ್ವಾಸವನ್ನು ಉಳಿಸಿಕೊಳ್ಳುವ ದಾರಿಯೇ ಅದು.