ಗಿಟಾರಿನ ದನಿಗೆ ಎಷ್ಟು ಬಲ, ಎಷ್ಟು ಅನುರಣನ?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಮೂಡಲಪಾಯ ಬಯಲಾಟ ನಡೆಯುತ್ತಿದ್ದ ಬಯಲುಗಳಲ್ಲಿ ಇಂದು ರಸಮಂಜರಿಯೂ ನಡೆಯುವುದುಂಟು. ಅದರಲ್ಲಿ ಎಲೆಕ್ಟ್ರಿಕ್ ಗಿಟಾರು ನುಡಿಸಬಯಸುವ ತರುಣನು ಕೂಡಿಟ್ಟ ಹಣವನ್ನು ಹಿಡಿದು ಬೆಂಗಳೂರಿನ ಅಂಗಡಿಗೆ ಹೋದಾಗ ಕೇಳುವ ಮೊದಲ ಪ್ರಶ್ನೆ, ‘ಈ ಆಂಪ್ಲಿಫೈಯರ್ ಎಷ್ಟು ವಾಟಿನದು?’ ಎಂಬುದು. ಪ್ರಶ್ನೆ ಅಸಂಗತವಲ್ಲ, ಆದರೆ ಅದಕ್ಕೂ ಮೊದಲು ಅವನು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ನುಡಿಸುವುದೆಲ್ಲಿ? ಬಯಲಿನಲ್ಲೋ, ಬೆಟ್ಟದ ಬುಡದಲ್ಲೋ, ಕಲ್ಯಾಣಮಂಟಪದಲ್ಲೋ? ಇದನ್ನು ಯೋಚಿಸದೆ ಕೊಂಡ ಯಂತ್ರವು ಹಣವನ್ನು ನುಂಗುವುದಲ್ಲದೆ ಗಾಯಕನ ಸಾಹಿತ್ಯವನ್ನೂ ನುಂಗೀತು.

ಎಲೆಕ್ಟ್ರಿಕ್ ಗಿಟಾರಿನ ಒಡಲು ಸಾಮಾನ್ಯವಾಗಿ ಪೊಳ್ಳಿಲ್ಲದ ಮರ. ವೀಣೆಯ ಕೊಡದಂತಹ ಅಂಗ ಅದಕ್ಕಿಲ್ಲ. ಉಕ್ಕಿನ ತಂತಿ ಕಂಪಿಸಿದಾಗ ಅದರ ಕೆಳಗಿನ ಅಯಸ್ಕಾಂತಕ್ಕೆ ಸುತ್ತಿದ ಸುರುಳಿಯಲ್ಲಿ ಕ್ಷೀಣವಾದ ವಿದ್ಯುತ್ಪ್ರವಾಹ ಹುಟ್ಟುವುದು. ಅದನ್ನು ಬಲಪಡಿಸಿ ಸ್ಪೀಕರಿಗೆ ಒಪ್ಪಿಸುವುದೇ ಆಂಪ್ಲಿಫೈಯರಿನ ಕೆಲಸ.

ವಾಟು ಇಮ್ಮಡಿಯಾದರೆ ದನಿಯೂ ಇಮ್ಮಡಿಯಾಗುವುದೆಂಬ ಭಾವನೆ ಹಲವರಲ್ಲಿದೆ. ವಸ್ತುಸ್ಥಿತಿ ಬೇರೆ. ಶಕ್ತಿ ಇಮ್ಮಡಿಯಾದಾಗ ದನಿಯ ಮಟ್ಟ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿಯಾಗಿ ತೋರಬೇಕಾದರೆ ಶಕ್ತಿ ಸುಮಾರು 10 ಪಟ್ಟಾಗಬೇಕು. 1 ವಾಟಿಗೆ 1 ಮೀಟರ್ ದೂರದಲ್ಲಿ 97 ಡೆಸಿಬೆಲ್ ಕೊಡುವ ಸ್ಪೀಕರೊಂದಿದೆ ಎಂದಿಟ್ಟುಕೊಳ್ಳೋಣ. ಅದಕ್ಕೆ 32 ವಾಟ್ ಉಣಿಸಿದರೆ 112 ಡೆಸಿಬೆಲ್ ಆಗುವುದು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಸಿದಂತೆಲ್ಲ 6 ಡೆಸಿಬೆಲ್ ಇಳಿಯುವುದರಿಂದ, 32 ಮೀಟರ್ ಆಚೆ ಕುಳಿತವನಿಗೆ ಉಳಿಯುವುದು 82. ಇದೇನೂ ಮೆಲುದನಿಯಲ್ಲ. ಜಾತ್ರೆಯ ಗದ್ದಲಕ್ಕೆ ಇದೂ ಸಾಲದೆ ಹೋದರೆ 64 ವಾಟಿನ ಯಂತ್ರ ಕೊಳ್ಳುವುದರಿಂದ ಆಗುವ ಲಾಭ ಅತ್ಯಲ್ಪ. ಇದ್ದ ಸ್ಪೀಕರಿನ ಮುಂದೊಂದು ಮೈಕು ಇಟ್ಟು ಮೈದಾನದ ದೊಡ್ಡ ಧ್ವನಿವರ್ಧಕಗಳಿಗೆ ಸೇರಿಸುವುದೇ ಯುಕ್ತ. 112 ಡೆಸಿಬೆಲ್ಲಿನ ಎದುರು ಗಂಟೆಗಟ್ಟಲೆ ನಿಂತರೆ ನುಡಿಸುವವನ ಶ್ರವಣಶಕ್ತಿಗೇ ಹಾನಿಯೆಂಬುದನ್ನೂ ಮರೆಯಲಾಗದು. ಮನೆಯ ಅಭ್ಯಾಸಕ್ಕೆ 5 ಅಥವಾ 10 ವಾಟ್ ಧಾರಾಳವಾಯಿತು.

ವಾಲ್ವಿನ ಯಂತ್ರವೋ, ಟ್ರಾನ್ಸಿಸ್ಟರಿನದೋ ಎಂಬ ಚರ್ಚೆ ಮುಗಿಯುವಂತಹದಲ್ಲ. ಮಿತಿಮೀರಿ ದುಡಿಸಿದಾಗ ವಾಲ್ವು ದನಿಯನ್ನು ಮೃದುವಾಗಿ ಒಡೆಯುತ್ತದೆ. ಅದೇ ಅದರ ಆಕರ್ಷಣೆ. ಆದರೆ ವಾಲ್ವೆಂದರೆ ಗಾಜು. ಟೆಂಪೋದಲ್ಲಿ ಕುಲುಕಾಡುತ್ತ ಊರೂರು ತಿರುಗುವ ತಂಡಕ್ಕೆ ಟ್ರಾನ್ಸಿಸ್ಟರೇ ಲೇಸೆಂದು ನಮ್ಮ ಅಭಿಪ್ರಾಯ.

ಇನ್ನು ಅನುರಣನದ ವಿಚಾರ. ಮಧುಗಿರಿಯ ಏಕಶಿಲಾ ಬೆಟ್ಟದಂತಹ ಬಂಡೆಯ ಮುಖಕ್ಕೆ 85 ಮೀಟರ್ ದೂರದಲ್ಲಿ ನಿಂತು ಚಪ್ಪಾಳೆ ತಟ್ಟಿದರೆ, ಶಬ್ದವು ಹೋಗಿಬರುವ 170 ಮೀಟರ್ ದಾರಿಗೆ ಸುಮಾರು ಅರ್ಧ ಸೆಕೆಂಡು ಹಿಡಿಯುವುದು. ಮೂಲಶಬ್ದದಿಂದ ಬೇರೆಯಾಗಿ ಕೇಳುವ ಇದು ಪ್ರತಿಧ್ವನಿ. ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ಹಾಡುತ್ತಿದ್ದರೆ ಬಂಡೆ ಸರಿಯಾಗಿ ಮುಂದಿನ ಪೆಟ್ಟಿಗೇ ಉತ್ತರ ಕೊಡುವುದು. ಲಯ ತುಸು ಬದಲಾದರೂ ಅದೇ ಬಂಡೆ ತಾಳ ತಪ್ಪಿದ ಪಕ್ಕವಾದ್ಯಗಾರನಾಗುವುದು! ಒಳಾಂಗಣದಲ್ಲಾದರೋ ನೂರಾರು ಪ್ರತಿಫಲನಗಳು ಒಂದರ ಬೆನ್ನಿಗೊಂದು ಬಂದು ಬೆಸೆದುಕೊಂಡು ಕ್ರಮೇಣ ಅಡಗುವುವು. ಇದೇ ಅನುರಣನ. ದನಿ 60 ಡೆಸಿಬೆಲ್ ಇಳಿಯಲು ಬೇಕಾದ ಕಾಲವೇ ಅದರ ಅಳತೆ.

ಈ ಕಾಲವನ್ನು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸ್ಯಾಬಿನ್. ಮಾತು ಅರ್ಥವಾಗದಷ್ಟು ಮೊರೆಯುತ್ತಿದ್ದ ಉಪನ್ಯಾಸಮಂದಿರವೊಂದಕ್ಕೆ 1895ರಿಂದ ಮುಂದಕ್ಕೆ ಅವರು ಬೇರೊಂದು ರಂಗಮಂದಿರದ ಆಸನದ ದಿಂಬುಗಳನ್ನು ಹೊರಿಸಿ ತಂದು, ದಿಂಬು ಹೆಚ್ಚಿದಂತೆ ಮೊರೆತ ಕುಗ್ಗುವುದನ್ನು ಅಳೆದರು. ಮಂದಿರದ ಘನಮೀಟರುಗಳನ್ನು 0.16ರಿಂದ ಗುಣಿಸಿ, ಅಲ್ಲಿರುವ ಶಬ್ದಹೀರಿಕೆಯಿಂದ ಭಾಗಿಸಿದರೆ ಅನುರಣನದ ಸೆಕೆಂಡುಗಳು ದೊರೆಯುವುವು.

ನಮ್ಮೂರಿನ ಕಲ್ಯಾಣಮಂಟಪಕ್ಕೆ ಇದನ್ನು ಅನ್ವಯಿಸೋಣ. 20 ಮೀಟರ್ ಉದ್ದ, 12 ಮೀಟರ್ ಅಗಲ, 6 ಮೀಟರ್ ಎತ್ತರ. ನೆಲಕ್ಕೆ ನುಣುಪು ಕಲ್ಲು, ಗೋಡೆಗೆ ಗಾರೆ. ಇಂತಹ ಮೇಲ್ಮೈಗಳು ತಮ್ಮ ಮೇಲೆ ಬಿದ್ದ ಶಬ್ದದ ನೂರಕ್ಕೆ 5ರಷ್ಟನ್ನು ಹೀರುವುವೆಂದುಕೊಂಡರೆ, ಬರಿದಾದ ಮಂಟಪದಲ್ಲಿ ಅನುರಣನ 5 ಸೆಕೆಂಡು ಮೀರುವುದು. 300 ಜನ ಬಂದು ಕುಳಿತೊಡನೆ, ಅವರ ಮೈಯೂ ಬಟ್ಟೆಯೂ ಶಬ್ದವನ್ನು ಹೀರಿ, ಅದು ಒಂದೂವರೆ ಸೆಕೆಂಡಿನ ಸಮೀಪಕ್ಕೆ ಇಳಿಯುವುದು. ಮಧ್ಯಾಹ್ನ ಖಾಲಿ ಮಂಟಪದಲ್ಲಿ ಹೊಂದಿಸಿದ ದನಿ ಸಂಜೆಗೆ ಬೇರೆಯೇ ಆಗಿ ಕೇಳಲು ಇದೇ ಕಾರಣ.

ಬಯಲಿನಲ್ಲಿ ಗೋಡೆಯೇ ಇಲ್ಲ; ಗಿಟಾರಿನ ದನಿ ಒಣಗಿದಂತೆ ಕೇಳುವುದು. ಅಲ್ಲಿ ಕೃತಕ ಅನುರಣನಕ್ಕೆ ಅರ್ಥವಿದೆ. ದೂರದ ಟೆಲಿಫೋನ್ ಸಂಪರ್ಕದ ವಿಳಂಬವನ್ನು ಅನುಕರಿಸಲು ಬೆಲ್ ಪ್ರಯೋಗಶಾಲೆಯವರು ಬಳಸಿದ್ದ ಸುರುಳಿ ಸ್ಪ್ರಿಂಗನ್ನು ಲಾರೆನ್ಸ್ ಹ್ಯಾಮಂಡರು ತಮ್ಮ ವಿದ್ಯುತ್ ಆರ್ಗನ್ನಿಗೆ ಅಳವಡಿಸಿದರು. 1961ರಲ್ಲಿ ಫೆಂಡರ್ ಸಂಸ್ಥೆ ಅದನ್ನು ಗಿಟಾರಿಗಾಗಿ ಪ್ರತ್ಯೇಕ ಪೆಟ್ಟಿಗೆಯಾಗಿ ಹೊರತಂದಿತು. ವಿದ್ಯುತ್ಸಂಕೇತವು ಸ್ಪ್ರಿಂಗಿನ ಒಂದು ತುದಿಯನ್ನು ಕಂಪಿಸುವುದು. ಅಲೆಯು ಹಿಂದುಮುಂದು ಓಡಾಡಿ ಇನ್ನೊಂದು ತುದಿಯಲ್ಲಿ ಮತ್ತೆ ವಿದ್ಯುತ್ತಾಗುವುದು. ಸ್ಪ್ರಿಂಗುಳ್ಳ ಪೆಟ್ಟಿಗೆಯನ್ನು ಒದ್ದರೆ ಗುಡುಗಿದಂತಾಗುವುದು ಅದಕ್ಕಾಗಿಯೇ. ಇಂದಿನ ಪೆಡಲುಗಳಲ್ಲಿ ಬಹುಪಾಲು, ಈ ಕೆಲಸವನ್ನು ಅಂಕಿಗಳ ಲೆಕ್ಕದಿಂದಲೇ ಮಾಡುವುವು.

ಕೊಳ್ಳುವವನು ನೋಡಬೇಕಾದದ್ದು ಎರಡು ಗುಂಡಿಗಳನ್ನು: ಅನುರಣನ ಎಷ್ಟು ಹೊತ್ತು ಉಳಿಯಬೇಕೆಂಬುದು ಒಂದು, ಮೂಲದನಿಗೆ ಅದನ್ನು ಎಷ್ಟು ಬೆರೆಸಬೇಕೆಂಬುದು ಇನ್ನೊಂದು. ಇವೆರಡನ್ನೂ ಬೇರೆಬೇರೆಯಾಗಿ ತಿರುಗಿಸಲು ಬರದ ಪೆಡಲನ್ನು ಕೊಳ್ಳದಿರುವುದೇ ವಾಸಿ. ದನಿಯನ್ನು ಒಡೆಯುವ ಪೆಡಲೂ ಇದ್ದರೆ ಅನುರಣನದ್ದು ಅದರ ನಂತರ ಬರಬೇಕು. ಹಿಂದುಮುಂದಾದರೆ ಅನುರಣನವೇ ಒಡೆದು ಕಲಸಿಹೋಗುವುದು. ಪಾವಗಡದ ಬಯಲಿನಲ್ಲಿ ಒಂದು, ಒಂದೂವರೆ ಸೆಕೆಂಡು ಹಿತವಾದೀತು. ಬಂಡೆಯ ಎದುರಿನಲ್ಲಿ ಅದಕ್ಕೂ ಕಡಮೆ. ಮಂಟಪದಲ್ಲಿ ಪೆಡಲನ್ನು ಆರಿಸಿಯೇ ಆರಂಭಿಸಿ, ಜನ ತುಂಬಿದ ಮೇಲೆ ತಂಡದವನೊಬ್ಬನನ್ನು ಕೊನೆಯ ಸಾಲಿಗೆ ಕಳುಹಿಸಬೇಕು. ಹಾಡಿನ ಮಾತು ತನಗೆ ತಿಳಿಯುತ್ತಿದೆಯೆಂದು ಅವನು ಕೈಸನ್ನೆ ಮಾಡಿದ ಬಳಿಕವೇ ಗುಂಡಿಯನ್ನು ಸ್ವಲ್ಪಸ್ವಲ್ಪವಾಗಿ ಏರಿಸಬಹುದು.