ಒಕ್ಕೂಟವನ್ನು ತೊರೆದ ಮೇಲೆ

“ಸುಂಕವೇ ಇಲ್ಲವೆಂದು ಒಪ್ಪಂದವಾದ ಮೇಲೆ ಲಾರಿಯನ್ನು ತಡೆದು ಕಾಗದ ಕೇಳುವುದೇಕೆ?” ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಟ್ಟ ವಿಚಾರವು ಪಾಠದಲ್ಲಿ ಬಂದಾಗ ನಮ್ಮ ವಿದ್ಯಾರ್ಥಿಯೊಬ್ಬನು ಹೀಗೆ ಕೇಳಿದನು. ಪ್ರಶ್ನೆ ಚಿಕ್ಕದಾದರೂ ಆ ದೀರ್ಘ ಸಂಧಾನದ ತಿರುಳೆಲ್ಲ ಅದರಲ್ಲಿಯೇ ಅಡಗಿದೆ. ಆದುದರಿಂದ ಉತ್ತರವನ್ನು ಇಲ್ಲಿ ತುಸು ವಿವರವಾಗಿ ಹೇಳಬಯಸುವೆವು.

ಬ್ರಿಟನ್ ಆ ಕೂಟವನ್ನು ಸೇರಿದ್ದು 1973ರಲ್ಲಿ. ಅದು ಬರಿಯ ವ್ಯಾಪಾರದ ಕೂಟವಲ್ಲ; ಸದಸ್ಯ ರಾಷ್ಟ್ರಗಳಿಗೆಲ್ಲ ಸಾಮಾನ್ಯವಾದ ಒಂದು ಸಂಸತ್ತು, ಒಂದು ನ್ಯಾಯಾಲಯ, ಅನೇಕ ಕಾನೂನುಗಳು ಉಂಟು. ತಮ್ಮ ಕಾನೂನನ್ನು ತಾವೇ ಮಾಡಿಕೊಳ್ಳಬೇಕೆಂಬ ಕೂಗು ಬ್ರಿಟನ್ನಿನಲ್ಲಿ ಬೆಳೆದು, 2016ರ ಜೂನ್ 23ರ ಜನಮತಗಣನೆಯಲ್ಲಿ ನೂರಕ್ಕೆ 51.9ರಷ್ಟು ಮತಗಳು ಬಿಡುವುದರ ಪರವಾಗಿ ಬಿದ್ದವು. ಮತ ಕೊಡಲು ಒಂದು ದಿನ ಸಾಕಾಯಿತು. ಹೊರಬರಲು 2020ರ ಜನವರಿ 31ರವರೆಗೆ ಕಾಯಬೇಕಾಯಿತು.

ಕೂಡುಕುಟುಂಬವು ಪಾಲಾಗುವಾಗ ಗದ್ದೆಯನ್ನು ಅಳೆದು ಹಂಚಬಹುದು; ಬಾವಿಗೆ ಹೋಗುವ ದಾರಿಯ ಮಾತು ಬಂದಾಗ ಪಂಚಾಯತಿಕೆ ಮುಗಿಯುವುದೇ ಇಲ್ಲ. ಇಲ್ಲಿ ಅಂತಹ ದಾರಿಯಾದುದು ಐರ್ಲೆಂಡಿನ ಗಡಿ. ಉತ್ತರ ಐರ್ಲೆಂಡ್ ಬ್ರಿಟನ್ನಿಗೆ ಸೇರಿದುದು. ಐರ್ಲೆಂಡ್ ಗಣರಾಜ್ಯವು ಒಕ್ಕೂಟದಲ್ಲಿಯೇ ಉಳಿದಿದೆ. ನಡುವಣ ಗಡಿಯ ಉದ್ದ ಸುಮಾರು 500 ಕಿಲೋಮೀಟರು. ಸರಕುಗಳ ಸುಂಕದ ತಪಾಸಣೆ ಅಲ್ಲಿ 1993ರಲ್ಲಿಯೇ ನಿಂತಿತ್ತು. ಮೂವತ್ತು ವರ್ಷಗಳ ಹಿಂಸೆಯಲ್ಲಿ 3,500ರಷ್ಟು ಜನರು ಮಡಿದ ಬಳಿಕ 1998ರಲ್ಲಿ ಶಾಂತಿಯ ಒಪ್ಪಂದವಾಗಿ, ಕ್ರಮೇಣ ಸೈನಿಕರ ಕಾವಲುಗಳೂ ಎದ್ದುಹೋದವು. ಮನೆ ಒಂದು ಕಡೆ, ಹೊಲ ಇನ್ನೊಂದು ಕಡೆ ಎಂಬುದು ಗಡಿನಾಡಿನ ನಮಗೆ ಹೊಸತಲ್ಲ. 2017ರಲ್ಲಿ ಜಿ.ಎಸ್.ಟಿ. ಬರುವವರೆಗೆ ಮಂಜೇಶ್ವರದ ಚೆಕ್‌ಪೋಸ್ಟಿನಲ್ಲಿ ಕಾಗದ ತೋರಿಸಲು ಲಾರಿಗಳು ಸಾಲುಗಟ್ಟುತ್ತಿದ್ದುದನ್ನು ಪೋಷಕರಲ್ಲಿ ಹಲವರು ಕಂಡಿದ್ದಾರೆ. ಆದರೆ ಅಲ್ಲಿ ಚೆಕ್‌ಪೋಸ್ಟ್ ಮರಳಿದರೆ ಹಳೆಯ ಗಾಯವೇ ಕೆರಳೀತೆಂಬ ಭಯ.

ಪ್ರಧಾನಿ ತೆರೇಸಾ ಮೇ ತಂದ ಒಪ್ಪಂದವನ್ನು ಅವರ ಸಂಸತ್ತೇ 2019ರಲ್ಲಿ ಮೂರು ಬಾರಿ ತಿರಸ್ಕರಿಸಿತು. ಮುಂದೆ ಬೋರಿಸ್ ಜಾನ್ಸನ್ನರು ತಪಾಸಣೆಯನ್ನು ನೆಲದಿಂದ ಸಮುದ್ರದ ಬಂದರುಗಳಿಗೆ ಸರಿಸಿದರು. ಸ್ವಂತ ದೇಶದೊಳಗೇ ಗೆರೆ ಎಳೆದಂತಾಯಿತೆಂದು ಉತ್ತರ ಐರ್ಲೆಂಡಿನ ಬ್ರಿಟಿಷ್ ಪಕ್ಷಪಾತಿಗಳು ಸಿಟ್ಟಾದರು. ಅವರ ಸಿಟ್ಟು ನಿಷ್ಕಾರಣವಾದುದೆಂದು ನಾವು ಹೇಳಲಾರೆವು. 2023ರ ವಿಂಡ್ಸರ್ ಒಪ್ಪಂದದಲ್ಲಿ, ಉತ್ತರದಲ್ಲಿಯೇ ಮಾರಾಟವಾಗುವ ಸರಕಿಗೆ ಹಸಿರು ಸಾಲು, ಗಣರಾಜ್ಯಕ್ಕೆ ದಾಟಬಹುದಾದುದಕ್ಕೆ ಕೆಂಪು ಸಾಲು ಎಂದು ಏರ್ಪಾಡಾಯಿತು.

ವ್ಯಾಪಾರದ ಒಪ್ಪಂದವು ಕುದುರಿದ್ದು 2020ರ ಡಿಸೆಂಬರ್ 24ರಂದು, ಗಡುವಿಗೆ ಒಂದೇ ವಾರವಿದ್ದಾಗ. ಒಕ್ಕೂಟದ ಪರವಾಗಿ ಮಿಶೆಲ್ ಬಾರ್ನಿಯೆ, ಬ್ರಿಟನ್ನಿನ ಪರವಾಗಿ ಡೇವಿಡ್ ಫ್ರಾಸ್ಟ್ ಕುಳಿತಿದ್ದರು. ಕೊನೆಯವರೆಗೆ ಎಳೆದಾಡಿದ್ದು ಮೀನಿಗಾಗಿ! ದೇಶದ ಒಟ್ಟು ಉತ್ಪನ್ನದಲ್ಲಿ ಮೀನಿನ ಪಾಲು ಅತ್ಯಲ್ಪ. ಆದರೂ ಕಡಲಿನ ಮೇಲಿನ ಅಭಿಮಾನವನ್ನು ತಕ್ಕಡಿಯಲ್ಲಿ ತೂಗಲಾದೀತೆ?

ಇನ್ನು ವಿದ್ಯಾರ್ಥಿಯ ಪ್ರಶ್ನೆ. ಸುಂಕವಿನಾಯಿತಿ ಇರುವುದು ಬ್ರಿಟನ್ನಿನಲ್ಲಿಯೋ ಒಕ್ಕೂಟದಲ್ಲಿಯೋ ತಯಾರಾದ ಸರಕಿಗೆ ಮಾತ್ರ. ಬೇರೆ ದೇಶದಿಂದ ತರಿಸಿ ಹಾಗೆಯೇ ದಾಟಿಸಿದುದಕ್ಕೆ ಅದು ಸಲ್ಲದು. ಆದ್ದರಿಂದ ಎಲ್ಲಿ ತಯಾರಾಯಿತೆಂಬುದಕ್ಕೆ ಕಾಗದ ಬೇಕು. ಮಾಂಸ, ಗಿಣ್ಣುಗಳಂತಹ ಪದಾರ್ಥಗಳಿಗೆ ಪಶುವೈದ್ಯರ ಸಹಿಯ ಪ್ರಮಾಣಪತ್ರವೂ ಬೇಕು. ಒಂದೇ ಕಾನೂನಿನ ಕೆಳಗಿದ್ದಾಗ ಇವೊಂದೂ ಬೇಕಿರಲಿಲ್ಲ.

ಈ ತೊಡಕನ್ನು ತಗ್ಗಿಸಲು ಆಹಾರಪದಾರ್ಥಗಳ ಬಗೆಗೆ ಹೊಸ ಒಪ್ಪಂದ ಮಾಡಿಕೊಳ್ಳಬೇಕೆಂದು ಎರಡೂ ಕಡೆಯವರು 2025ರ ಮೇ ತಿಂಗಳಿನಲ್ಲಿ ಒಪ್ಪಿದರು. ಅದಕ್ಕೆ ಪ್ರತಿಯಾಗಿ ಬ್ರಿಟನ್ ಒಕ್ಕೂಟದ ಆಹಾರನಿಯಮಗಳನ್ನು, ಅವು ಬದಲಾದಂತೆಲ್ಲ, ಅನುಸರಿಸಬೇಕು. ಆ ನಿಯಮಗಳನ್ನು ನಿರ್ಣಯಿಸುವಾಗ ಅದಕ್ಕೆ ಮತವಿಲ್ಲ.